ರಕ್ತದ ಬಳುವಳಿ, ಮೌನದ ದೋಷ

ಮಾಂಸ, ಮೊಟ್ಟೆಗಳನ್ನು ಮುಟ್ಟದ, ಸೂರ್ಯಾಸ್ತಕ್ಕೆ ಮುನ್ನ ಉಣ್ಣುವ ಶ್ರಾವಕನೊಬ್ಬನು ನಲವತ್ತರ ವಯಸ್ಸಿನಲ್ಲೇ ಹೃದಯಾಘಾತಕ್ಕೆ ಗುರಿಯಾದರೆ, ಕೆಲವರು ತುಪ್ಪ, ತೆಂಗಿನಕಾಯಿಗಳನ್ನು ದೂರುತ್ತಾರೆ. ಕೆಲವರು ಪೂರ್ವಕರ್ಮವೆಂದು ನಿಟ್ಟುಸಿರಿಡುತ್ತಾರೆ. ಕೇಳಬೇಕಾದ ಪ್ರಶ್ನೆ ಬೇರೊಂದಿದೆ: ಅವನ ಒಡಹುಟ್ಟಿದವರ, ಮಕ್ಕಳ ಗತಿಯೇನು?

ಕೊಲೆಸ್ಟರಾಲ್ ಆಹಾರದಿಂದ ಮಾತ್ರ ಬರುವುದಲ್ಲ. ಅದರ ಬಹುಭಾಗವನ್ನು ದೇಹವೇ ತಯಾರಿಸುತ್ತದೆ. ರಕ್ತದಲ್ಲಿ ಅದನ್ನು ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳನ್ನು ಹಿಡಿದು ತೆಗೆಯುವ ಗ್ರಾಹಕಗಳು ಯಕೃತ್ತಿನ ಜೀವಕೋಶಗಳ ಮೇಲಿವೆ. ಈ ಗ್ರಾಹಕಗಳನ್ನು ಕಂಡುಹಿಡಿದ ಅಮೆರಿಕದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಗ್ರಾಹಕವನ್ನು ರೂಪಿಸುವ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ದೋಷಯುಕ್ತವಾಗಿದ್ದರೂ ಹುಟ್ಟಿನಿಂದಲೇ ಎಲ್‌ಡಿಎಲ್ ಪ್ರಮಾಣ ಸುಮಾರು ಇಮ್ಮಡಿಯಾಗಿರುತ್ತದೆ. ಕೊಲೆಸ್ಟರಾಲ್ ಹೆಚ್ಚಿರುವ ಎಲ್ಲರದೂ ಈ ಬಗೆಯಲ್ಲ. ಆದರೂ ಜಗತ್ತಿನಲ್ಲಿ ಸುಮಾರು 250ರಿಂದ 300 ಜನರಿಗೊಬ್ಬರಲ್ಲಿ ಇಂತಹ ಆನುವಂಶಿಕ ದೋಷವಿದೆ. ಅವರ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ಅರ್ಧಕ್ಕರ್ಧ.

ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆಗಳ ಜೈನರು ಅಳಿಯಸಂತಾನದವರು. ಈ ಕಟ್ಟನ್ನು 1949ರ ಮದ್ರಾಸ್ ಅಳಿಯಸಂತಾನ ಕಾಯಿದೆ ಶಾಸನಬದ್ಧಗೊಳಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಬಹುಮಟ್ಟಿಗೆ ಬದಲಿಸಿತು. ಆಸ್ತಿಯು ತಾಯಿಯ ಕವಲಿನಲ್ಲಿ ಇಳಿದು ಬಂದಿರಬಹುದು. ವಂಶವಾಹಿಗೆ ಅಂತಹ ನಿಯಮವಿಲ್ಲ. ಆದುದರಿಂದ ಸೋದರಮಾವಂದಿರ ಕಾಯಿಲೆಗಳನ್ನು ಮಾತ್ರ ವಿಚಾರಿಸಿದರೆ ಅರ್ಧ ಸತ್ಯವಷ್ಟೇ ತಿಳಿಯುತ್ತದೆ. ತಂದೆಯ ಕಡೆಯವರನ್ನೂ ಕೇಳಬೇಕು. ದಂಪತಿಗಳಿಬ್ಬರಲ್ಲೂ ಅದೇ ದೋಷವಿದ್ದರೆ, ಎರಡು ಪ್ರತಿಗಳೂ ಕೆಟ್ಟ ಮಗುವಿಗೆ ಬಾಲ್ಯದಲ್ಲೇ ಹೃದ್ರೋಗ ಬರಬಹುದು. ಸೋದರಸಂಬಂಧದ ಮದುವೆಯಲ್ಲಿ ಈ ಸಂಭವ ಹೆಚ್ಚು.

ಇಲ್ಲಿ ಧರ್ಮಸಂಕಟ ಹುಟ್ಟುತ್ತದೆ. ತನ್ನಲ್ಲಿ ಈ ದೋಷವಿದೆಯೆಂದು ತಿಳಿದವನು ಅದನ್ನು ಹೇಳಬೇಕೆ? 'ನನ್ನ ದೇಹದ ಸಂಗತಿ ನನ್ನದು' ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಮಗಳ ಸಂಬಂಧ ತಪ್ಪೀತೆಂಬ ಭಯವೂ ಸುಳ್ಳಲ್ಲ. ಆದರೆ ಅವನ ತಮ್ಮನ ರಕ್ತದಲ್ಲಿಯೂ ಅದೇ ದೋಷವಿರಬಹುದು. ತಮ್ಮನಿಗೆ ಬೇಕಾದುದು ಒಂದು ರಕ್ತಪರೀಕ್ಷೆ. ದೋಷ ಕಂಡುಬಂದರೆ, 1987ರಿಂದ ಬಳಕೆಗೆ ಬಂದ ಸ್ಟ್ಯಾಟಿನ್ ವರ್ಗದ ಮಾತ್ರೆ. ಅಣ್ಣನ ಮೌನವು ಆ ಅವಕಾಶವನ್ನು ಕಸಿದುಕೊಳ್ಳುತ್ತದೆ. ಜೈನಾಚಾರ್ಯರು ಹಿಂಸೆಯನ್ನು ಪ್ರಮಾದದೊಡನೆ ಸೇರಿಸಿ ವಿವೇಚಿಸಿದ್ದಾರೆ. ತಿಳಿದೂ ತಿಳಿಸದಿರುವುದು ಪ್ರಮಾದವಲ್ಲದೆ ಮತ್ತೇನು?

ಇನ್ನು, ಕರ್ಮೋದಯದಿಂದ ದೇಹ ಪ್ರಾಪ್ತವಾಯಿತೆಂದು ಒಪ್ಪಿದರೂ ಕೈಕಟ್ಟಿ ಕುಳಿತುಕೊಳ್ಳಲು ನಮ್ಮ ಸಿದ್ಧಾಂತ ಹೇಳುವುದಿಲ್ಲ. ಪುರುಷಾರ್ಥಕ್ಕೆ ಅಲ್ಲಿ ಸ್ಥಾನವಿದೆ. ರೋಗವನ್ನು ಪಾಪದ ಗುರುತೆಂದು ಬೆರಳು ತೋರುವುದೂ ಪರಪೀಡೆಯೇ.

ಮುಚ್ಚಿಟ್ಟವನೊಬ್ಬನೇ ದೋಷಿಯಲ್ಲ. ನಿಜ ನುಡಿದವನ ಮನೆಯ ಸಂಬಂಧವನ್ನು ನಿರಾಕರಿಸುವ ಸಮಾಜವೇ ಸತ್ಯವನ್ನು ದುಬಾರಿಯಾಗಿಸುತ್ತದೆ. ಹೇಳುವವನಿಗೆ ಸತ್ಯವ್ರತ ಎಷ್ಟು ಅಗತ್ಯವೋ ಕೇಳುವವನಿಗೆ ಕರುಣೆಯೂ ಅಷ್ಟೇ ಅಗತ್ಯ.