ಇಂದು ಯಾರ ಹುಟ್ಟಿದ ದಿನ?



ನಮ್ಮ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಎಷ್ಟೋ ಶಾಲೆಗಳಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ‘ದಿನಕ್ಕೊಂದು ಪ್ರಶ್ನೆ’ ಕೇಳುವ ರೂಢಿಯಿದೆ. ಇಂದು ಯಾವ ಮಹನೀಯರ ಜನ್ಮದಿನ? ಇತಿಹಾಸದಲ್ಲಿ ಇದೇ ದಿನ ಏನು ನಡೆಯಿತು? ಉತ್ತರ ಹೇಳಿದ ಮಗುವಿಗೆ ಚಪ್ಪಾಳೆ, ಕೆಲವೊಮ್ಮೆ ಒಂದು ಪೆನ್ನು. ಒಳ್ಳೆಯ ರೂಢಿಯೇ. ಊರಾಚೆಯ ಲೋಕ ಕಾಣದ ಮಗುವಿಗೆ ಅದೊಂದು ಕಿಟಕಿ. ಮುಂದೆ ನೌಕರಿಯ ಪರೀಕ್ಷೆಗೂ ಅದು ಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಗಾಂಧಿ ಜಯಂತಿಯಂದು ನಾನೂ ಮಕ್ಕಳ ಮುಂದೆ ನಿಂತು, ‘ಇಂದು ಯಾರ ಹುಟ್ಟಿದ ದಿನ?’ ಎಂದು ಕೇಳಿದೆ. ಒಬ್ಬ ಹುಡುಗ ಮಹಾತ್ಮ ಗಾಂಧಿ, 1869 ಎಂದ. ಇನ್ನೊಬ್ಬಳು ಲಾಲ್ ಬಹಾದೂರ್ ಶಾಸ್ತ್ರಿ, 1904 ಎಂದಳು. ಚುರುಕಾದ ಮೂರನೆಯವನು, ‘ನಮ್ಮ ವಿಜಯನಗರ ಜಿಲ್ಲೇದೂ ಹೌದ್ರೀ, 2021ರಾಗ ಇದೇ ದಿನ ಉದ್ಘಾಟನೆ ಆತು’ ಎಂದ. ಮೂವರಿಗೂ ಪೆನ್ನು ಕೊಟ್ಟೆ. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿ, ‘ಫಾದರ್, ನಮ್ಮ ತಮ್ಮಂದು ರೀ’ ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕು, ‘ಅದು ಉತ್ತರವಲ್ಲ, ಕೂತ್ಕೋ’ ಎಂದುಬಿಟ್ಟೆ. ಆ ತಮ್ಮ ಅಂದೇ ನಸುಕಿನಲ್ಲಿ ಹುಟ್ಟಿದ ಕೂಸು ಎಂಬುದು ನನಗೆ ಸಂಜೆ ತಿಳಿಯಿತು.

ಎಲ್ಲರೂ ತಿಳಿದಿರಬೇಕಾದದ್ದನ್ನು ಕೇಳುವುದೇ ಇಂಥ ಪ್ರಶ್ನೆಯ ಉದ್ದೇಶ, ಮನೆಯ ಸಂಗತಿ ಅಲ್ಲಿ ಸಲ್ಲದು ಎಂದು ನೀವು ಹೇಳಬಹುದು. ಆದರೆ ಸ್ವಲ್ಪ ಯೋಚಿಸಿ. 1869ರ ಅಕ್ಟೋಬರ್ 2ರಂದು ಪೋರಬಂದರಿನಲ್ಲಿ ಇದೇ ಪ್ರಶ್ನೆ ಕೇಳಿದ್ದರೆ, ಮಹಾತ್ಮ ಎಂದು ಹೇಳಬಲ್ಲವರು ಒಬ್ಬರೂ ಇರಲಿಲ್ಲ. ಪುತಲೀಬಾಯಿಗೆ ಗಂಡುಮಗು ಎಂದಷ್ಟೇ ಮನೆಯವರು ಹೇಳುತ್ತಿದ್ದರು. ಹುಟ್ಟಿದ ದಿನ ಯಾರೂ ಪ್ರಸಿದ್ಧರಲ್ಲ. ಅಂದು ಮಗುವಿಗಿರುವ ಬೆಲೆ ಯಾವ ಸಾಧನೆಯಿಂದಲೂ ಬಂದದ್ದಲ್ಲ, ಹುಟ್ಟಿನೊಂದಿಗೇ ಬಂದದ್ದು. ಪ್ರಸಿದ್ಧರ ಹುಟ್ಟಿಗೆ ಮಾತ್ರ ಅಂಕ ಕೊಡುತ್ತಾ ಹೋದರೆ, ಹೆಸರಿಲ್ಲದವರ ಹುಟ್ಟಿಗೆ ಲೆಕ್ಕವಿಲ್ಲವೆಂದು ಮಕ್ಕಳು ಕಲಿಯುವುದಿಲ್ಲವೇ?

ನಮ್ಮ ಧರ್ಮಸಭೆಯ ಪೂಜಾ ಪಂಚಾಂಗವನ್ನು ನೋಡಿ. ಹುಟ್ಟನ್ನು ಹಬ್ಬವಾಗಿ ಆಚರಿಸುವುದು ಮೂವರದು ಮಾತ್ರ: ಯೇಸುಸ್ವಾಮಿಯದು, ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರದು, ಜೂನ್ 24ರಂದು ಸ್ನಾನಿಕ ಯೊವಾನ್ನರದು. ಉಳಿದ ಸಂತರನ್ನು ಹೆಚ್ಚಾಗಿ ಅವರು ಮರಣಹೊಂದಿದ ದಿನದಂದೇ ಸ್ಮರಿಸುತ್ತೇವೆ. ಹುಟ್ಟು ದೇವರ ಕೊಡುಗೆ. ಅದನ್ನು ಹೇಗೆ ಬಾಳಿದರೆಂಬುದು ಕೊನೆಗಷ್ಟೇ ತಿಳಿಯುತ್ತದೆ. ಕೂಡ್ಲಿಗಿಯ ಹುತಾತ್ಮರ ಸ್ಮಾರಕದಲ್ಲಿ ಗಾಂಧೀಜಿಯ ಚಿತಾಭಸ್ಮವಿದೆ. ಅಲ್ಲಿ ನಿಂತವರಿಗೆ 1869 ಎಂಬ ಅಂಕಿಯೊಂದೇ ಸಾಲದು. 1948ರ ಜನವರಿ 30ರವರೆಗೆ ಅವರು ಹೇಗೆ ನಡೆದರು, ಏಕೆ ಗುಂಡಿಗೆ ಬಲಿಯಾದರು ಎಂದೂ ಕೇಳಬೇಕಾಗುತ್ತದೆ.

ಐತಿಹಾಸಿಕ ಘಟನೆಗಳ ಮಾತೂ ಹೀಗೆಯೇ. ‘ಹರಪನಹಳ್ಳಿ ಯಾವ ಜಿಲ್ಲೆಯಲ್ಲಿದೆ?’ ಎಂದರೆ ಇಂದಿನ ಮಗು ವಿಜಯನಗರ ಎನ್ನುತ್ತದೆ. ಅದೇ ಮನೆಯ ತಾತ ಓದುವಾಗ ಬಳ್ಳಾರಿ ಎಂದು ಬರೆದಿದ್ದರು. 1997ರಲ್ಲಿ ಅದು ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಬಂತು, 2021ರಲ್ಲಿ ವಿಜಯನಗರದ ಪಾಲಾಯಿತು. ಅದರ ಹಿಂದೆ ಜನರ ಹೋರಾಟವಿದೆ, ಸಂವಿಧಾನದ 371-ಜೆ ವಿಧಿಯ ಮೀಸಲಾತಿಗಾಗಿ ಕಾದ ಯುವಕರ ಆಸೆಯಿದೆ. ಇಸವಿಯನ್ನಷ್ಟೇ ಬಾಯಿಪಾಠ ಮಾಡಿದವನಿಗೆ ಅವರಾರೂ ಕಾಣುವುದಿಲ್ಲ.

ಸಂತ ಅಗಸ್ಟೀನರು ‘ಕನ್ಫೆಶನ್ಸ್’ ಗ್ರಂಥದ 10ನೆಯ ಭಾಗದಲ್ಲಿ ನೆನಪಿನ ಬಗೆಗೆ ಬಹಳ ಆಳವಾಗಿ ಚಿಂತಿಸಿದ್ದಾರೆ. ಕಲಿತ ವಿದ್ಯೆ, ಅಂಕಿಸಂಖ್ಯೆ ಎಲ್ಲವೂ ಆ ವಿಶಾಲ ಮನೆಯಲ್ಲಿವೆ. ಅಲ್ಲಿಯೇ ಮನುಷ್ಯ ತನ್ನನ್ನೂ ಕಾಣುತ್ತಾನೆ ಎಂಬುದು ಅವರ ವಿಚಾರ. ನನಗನಿಸುವಂತೆ, ತಿಳಿದಿರುವುದು ಬೇರೆ, ನೆನೆಯುವುದು ಬೇರೆ. ನೆನೆಯುವವನು ತಾನು ಯಾರಿಗೆ ಋಣಿ ಎಂಬುದನ್ನೂ ಅರಿಯುತ್ತಾನೆ.

ಆ ಋಣ ಮನೆಯಿಂದಲೇ ಆರಂಭವಾಗುತ್ತದೆ. ನಮ್ಮ ಎಷ್ಟೋ ಹಿರಿಯರ ಶಾಲಾ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1. ಎಲ್ಲರೂ ಅಂದೇ ಹುಟ್ಟಿದರೆಂದಲ್ಲ. ಶಾಲೆಗೆ ಸೇರಿಸಿಕೊಳ್ಳುವಾಗ ಮಾಸ್ತರರು ಅಂದಾಜಿನ ಮೇಲೆ ಬರೆದದ್ದು. ಶಾಲೆಯ ಮೆಟ್ಟಿಲನ್ನೇ ಹತ್ತದ ಅಜ್ಜಿಯನ್ನು ಕೇಳಿದರೆ, ‘ಬರ ಬಿದ್ದ ವರ್ಷ, ಕೊಟ್ಟೂರು ತೇರಾಗಿ ಎಂಟು ದಿನಕ್ಕ’ ಎಂದಾಳು. ಇಲ್ಲವೇ ‘ಮೈಲಾರದ ಕಾರಣಿಕದ ಮುಂದ’ ಎಂದಾಳು. ಪರೀಕ್ಷೆಯಲ್ಲಿ ಈ ಉತ್ತರಕ್ಕೆ ಅಂಕ ಸಿಗದು. ಆದರೆ ಆ ವರ್ಷದ ಹಸಿವು, ಊಟ ಹಂಚಿಕೊಂಡ ನೆರೆಹೊರೆ, ಹೆತ್ತವಳ ಕಷ್ಟ ಎಲ್ಲವೂ ಆ ಒಂದು ಮಾತಿನಲ್ಲಿವೆ. ಹಿರಿಯರನ್ನು ಗೌರವಿಸಬೇಕೆಂಬ ದೈವಾಜ್ಞೆಯನ್ನು ಪಾಲಿಸಲು ಇದನ್ನು ಕೂತು ಕೇಳುವುದೂ ಒಂದು ದಾರಿಯಲ್ಲವೇ?

ಮರುದಿನ ನಾನು ಆ ಹುಡುಗಿಯ ಮನೆಗೆ ಹೋದೆ. ಪೆನ್ನು ಕೊಟ್ಟು, ‘ನಿನ್ನ ಉತ್ತರ ಸರಿಯಿತ್ತಮ್ಮ, ನಾನೇ ತಪ್ಪಿದೆ’ ಎಂದೆ. ಅವಳು ಪೆನ್ನು ತೆಗೆದುಕೊಂಡಳು. ತಮ್ಮನಿಗೆ ಇನ್ನೂ ಹೆಸರಿಟ್ಟಿಲ್ಲವೆಂದು ಹೇಳಿದಳು.

ಪ್ರಿಯ ತಂದೆತಾಯಿಯರೇ, ನಿಮ್ಮ ಮಕ್ಕಳು ದಿನದ ಪ್ರಶ್ನೆಗೆ ಉತ್ತರ ಹೇಳಿ ಬಂದರೆ ಮನಸಾರೆ ಮೆಚ್ಚಿರಿ. ರಾತ್ರಿ ಪ್ರಾರ್ಥನೆಯಾದ ಮೇಲೆ ನೀವೂ ಒಂದು ಪ್ರಶ್ನೆ ಕೇಳಿರಿ: ನಮ್ಮ ಅಜ್ಜ, ಅಜ್ಜಿ ಹುಟ್ಟಿದ್ದು ಯಾವಾಗ? ಕೇಳಿಕೊಂಡು ಬರಲು ಅವರನ್ನು ಅಜ್ಜಿಯ ಬಳಿಗೇ ಕಳುಹಿಸಿರಿ. ಉತ್ತರ ಬರಲು ಸ್ವಲ್ಪ ಹೊತ್ತಾದೀತು. ಅವಸರಪಡಿಸಬೇಡಿ.