ರಾತ್ರಿಯ ಊಟವೂ ಶರೀರದ ಭಾರವೂ

ನಮ್ಮ ಸಭೆಗಳಲ್ಲಿ ಈಚೆಗೆ ಒಂದು ಪ್ರಶ್ನೆಯು ಮನೆಯಿಂದ ಮನೆಗೆ ನಡೆದು ಬರುತ್ತಲಿದೆ. ಅದೇನಂದರೆ, ಮೈಯ ತೂಕವನ್ನು ಇಳಿಸುವದಕ್ಕಾಗಿ ರಾತ್ರಿಯ ಊಟವನ್ನು ಹಗುರ ಮಾಡಿಕೊಳ್ಳುವದು ಕ್ರೈಸ್ತನಿಗೆ ತಕ್ಕದ್ದೋ, ತಕ್ಕದ್ದಾದರೆ ಅದನ್ನು ಉಪವಾಸವೆಂದು ಎಣಿಸಬಹುದೋ ಎಂಬದೇ. ಮಡಿಕೇರಿಯಲ್ಲಿ ವೈದ್ಯರನ್ನು ಕಂಡು ಬಂದವರು, ಸಕ್ಕರೆ ಕಾಯಿಲೆಯವರು, ಮೊಣಕಾಲಿನ ನೋವಿನಿಂದ ಪ್ರಾರ್ಥನೆಯಲ್ಲಿ ಮೊಣಕಾಲೂರಲಾರದವರು ಇದನ್ನು ಕೇಳುತ್ತಾರೆ. ಕೆಲವರು ನಗುತ್ತಾ ಕೇಳುತ್ತಾರೆ. ಹೊಟ್ಟೆಯ ಸಂಗತಿಯು ವೇದಪಾಠಕ್ಕೆ ಸೇರಿದ್ದಲ್ಲವೆಂಬದು ಅವರ ಎಣಿಕೆ. ಆದರೆ ಸತ್ಯವೇದವು ಹೊಟ್ಟೆಯ ಸಂಗತಿಯನ್ನು ಕುರಿತು ನಾಚದೆ ಮಾತಾಡುವದರಿಂದ ನಾವೂ ನಾಚಬೇಕಾದದ್ದಿಲ್ಲ.

ಮೊದಲು ಶರೀರದ ಸಂಗತಿಯನ್ನು ಸರಿಯಾಗಿ ತಿಳಿದುಕೊಳ್ಳೋಣ. ಯಾಕಂದರೆ ತಪ್ಪು ತಿಳುವಳಿಕೆಯ ಮೇಲೆ ಕಟ್ಟಿದ ಭಕ್ತಿಯು ಮಳೆಗಾಲದ ಮಣ್ಣಿನ ದಂಡೆಯಂತೆ ಜರಿಯುವದು. 2013ರಲ್ಲಿ ಇಸ್ರಾಯೇಲ್ ದೇಶದ ವೈದ್ಯರು 93 ಮಂದಿ ಸ್ಥೂಲ ಸ್ತ್ರೀಯರನ್ನು ಎರಡು ಗುಂಪು ಮಾಡಿ, ಇಬ್ಬಗೆಯವರಿಗೂ ದಿನಕ್ಕೆ 1,400 ಕ್ಯಾಲೊರಿಗಳಷ್ಟೇ ಆಹಾರವನ್ನು ಗೊತ್ತುಮಾಡಿದರು. ಒಂದು ಗುಂಪಿನವರು ಬೆಳಿಗ್ಗೆ ಹೆಚ್ಚಾಗಿಯೂ ರಾತ್ರಿ ಅಲ್ಪವಾಗಿಯೂ ಉಂಡರು. ಇನ್ನೊಂದು ಗುಂಪಿನವರು ಬೆಳಿಗ್ಗೆ ಅಲ್ಪವಾಗಿಯೂ ರಾತ್ರಿ ಹೆಚ್ಚಾಗಿಯೂ ಉಂಡರು. 12 ವಾರಗಳಾದ ಮೇಲೆ ಮೊದಲಿನವರ ತೂಕವು ಸರಾಸರಿ 8.7 ಕಿಲೋ ಇಳಿದಿತ್ತು, ಎರಡನೆಯವರದು 3.6 ಕಿಲೋ ಮಾತ್ರ. ಇದನ್ನು ಕೇಳಿದವರು ರಾತ್ರಿಯ ಅನ್ನವನ್ನೇ ವೈರಿಯೆಂದು ತಿಳಿಯತಕ್ಕವರೇ. ಆದರೆ 2022ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನ ಪಂಡಿತರು 30 ಮಂದಿಯನ್ನು ನಾಲ್ಕು ನಾಲ್ಕು ವಾರ ಎರಡು ವಿಧವಾಗಿಯೂ ಉಣ್ಣಿಸಿ ನೋಡಲಾಗಿ, ತೂಕವು ಇಳಿಯುವದರಲ್ಲಿ ಭೇದವೇ ಕಾಣಲಿಲ್ಲ. ಬೆಳಿಗ್ಗೆ ಹೆಚ್ಚಾಗಿ ಉಂಡ ವಾರಗಳಲ್ಲಿ ಹಸಿವಿನ ಕಾಟವು ಮಾತ್ರ ಕಡಿಮೆಯಾಗಿತ್ತು. ಹೀಗಿರಲಾಗಿ ಗಡಿಯಾರದಲ್ಲಿ ಮಂತ್ರಶಕ್ತಿ ಇಲ್ಲ. ದಿನವೆಲ್ಲಾ ಎಷ್ಟು ಒಳಗೆ ಹೋಯಿತು, ದುಡಿಮೆಯಲ್ಲಿ ಎಷ್ಟು ತೀರಿತು ಎಂಬದೇ ಮುಖ್ಯ. ಆದರೂ ಸಂಜೆಯ ವೇಳೆಯಲ್ಲಿ ನಮ್ಮ ಶರೀರವು ಸಕ್ಕರೆಯನ್ನು ಬೆಳಗ್ಗಿನಷ್ಟು ಚೆನ್ನಾಗಿ ಅರಗಿಸದು. ತುಂಬಿದ ಹೊಟ್ಟೆಯಿಂದ ಮಲಗಿದವನಿಗೆ ಎದೆಯುರಿಯು ಏಳುವದು. ಆದಕಾರಣ ಮಲಗುವದಕ್ಕೆ ಎರಡು ಮೂರು ತಾಸು ಮುಂಚೆ, ಮಿತವಾಗಿ ಉಣ್ಣುವದು ಒಳ್ಳೇದು. ಇನ್ಸುಲಿನ್ ಚುಚ್ಚಿಸಿಕೊಳ್ಳುವವರೂ ಸಕ್ಕರೆಯ ಮಾತ್ರೆ ನುಂಗುವವರೂ ಗರ್ಭಿಣಿಯರೂ ಎದೆಹಾಲುಣಿಸುವ ತಾಯಂದಿರೂ ವೈದ್ಯರನ್ನು ಕೇಳದೆ ರಾತ್ರಿಯ ಊಟವನ್ನು ಬಿಡಲೇಬಾರದು. ರಕ್ತದ ಸಕ್ಕರೆ ಒಮ್ಮೆಗೇ ಇಳಿದು ನಿದ್ರೆಯಲ್ಲಿಯೇ ಪ್ರಾಣಾಪಾಯವಾಗುವದುಂಟು.

ಕೊಡಗಿನ ಊಟವು ಕುಳಿತು ತಿನ್ನುವವರಿಗಾಗಿ ಹುಟ್ಟಿದ್ದಲ್ಲವೆಂಬದನ್ನೂ ಹೇಳಬೇಕು. ಕಕ್ಕಡ ಮಾಸದ ಜಡಿಮಳೆಯಲ್ಲಿ ಗೊರಗದ ಕೆಳಗೆ ಬಗ್ಗಿ, ಮೊಣಕಾಲುದ್ದ ಕೆಸರಿನಲ್ಲಿ ದಿನವೆಲ್ಲಾ ಪೈರು ನೆಟ್ಟವನಿಗೆ ಸಂಜೆ ಒಲೆಯ ಬಳಿಯಲ್ಲಿ ಕಡಂಬುಟ್ಟೂ ಹಂದಿಸಾರೂ ಭೋಗವಾಗಿರಲಿಲ್ಲ, ಸೌದೆಯಾಗಿತ್ತು. ಈಗ ಅನೇಕ ಗದ್ದೆಗಳು ಪಾಳುಬಿದ್ದಿವೆ. ಮಕ್ಕಳು ಮೈಸೂರು ಬೆಂಗಳೂರುಗಳಲ್ಲಿ ಕುರ್ಚಿಯ ಮೇಲೆ ದುಡಿಯುತ್ತಾರೆ. ಮನೆಯಲ್ಲಿರುವವರು ಅಂಗಡಿಯ ತನಕವೂ ಜೀಪಿನಲ್ಲಿ ಹೋಗುತ್ತಾರೆ. ಕೆಲಸವು ಹೋಯಿತು, ಊಟವು ಉಳಿಯಿತು. ಮದ್ಯವನ್ನು ಕುರಿತು ಈ ಪತ್ರಿಕೆಯಲ್ಲಿ ಬೇಕಾದಷ್ಟು ಬರೆದದ್ದಾಗಿದೆ. ಇಲ್ಲಿ ಇಷ್ಟೇ ಹೇಳುವೆವು: ಒಂದು ಗ್ರಾಂ ಪಿಷ್ಟದಲ್ಲಿ 4 ಕ್ಯಾಲೊರಿಯಾದರೆ ಒಂದು ಗ್ರಾಂ ಮದ್ಯಸಾರದಲ್ಲಿ 7 ಇರುವದರಿಂದ, ಕಡಂಬುಟ್ಟನ್ನು ಬಿಟ್ಟು ಲೋಟವನ್ನು ಬಿಡದವನು ಯಾರನ್ನು ಮೋಸಗೊಳಿಸುತ್ತಾನೋ ತಿಳಿಯದು. ತಕ್ಕಡಿಯಂತೂ ಮೋಸಹೋಗದು.

ಇನ್ನು ಉಪವಾಸವೋ ಅಲ್ಲವೋ ಎಂಬ ಮಾತು. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಶಬ್ದವೇ ಇದೆ, ಪಥ್ಯ. ತನ್ನ ಶರೀರದ ಸ್ವಾಸ್ಥ್ಯಕ್ಕಾಗಿ ಒಬ್ಬನು ಬಿಡುವಂಥಾದ್ದು ಪಥ್ಯ. ದೇವರ ಮುಂದೆ ತನ್ನನ್ನು ತಗ್ಗಿಸಿಕೊಂಡು ಬಿಡುವಂಥಾದ್ದು ಉಪವಾಸ. ಪಥ್ಯದಲ್ಲಿ ನಾಚಿಕೆಗೆ ಕಾರಣವಿಲ್ಲ. ಶರೀರಸಾಧನೆಯು ಸ್ವಲ್ಪಮಟ್ಟಿಗೆ ಪ್ರಯೋಜನವಾದದ್ದೆಂದು ಪೌಲನು ತಿಮೊಥೆಯನಿಗೆ ಬರೆದಾಗ ಸ್ವಲ್ಪವೆಂದನೇ ಹೊರತು ಇಲ್ಲವೇ ಇಲ್ಲವೆನ್ನಲಿಲ್ಲ. ಆದರೆ ಪಥ್ಯಕ್ಕೆ ಉಪವಾಸದ ಅಂಗಿಯನ್ನು ತೊಡಿಸುವದು ಸರಿಯಲ್ಲ. ಲೂಕನು ಬರೆದ ಸುವಾರ್ತೆಯ 18ನೇ ಅಧ್ಯಾಯದಲ್ಲಿ ವಾರಕ್ಕೆರಡಾವರ್ತಿ ಉಪವಾಸ ಮಾಡುವ ಫರಿಸಾಯನು ದೂರದಲ್ಲಿ ನಿಂತಿದ್ದ ಸುಂಕದವನನ್ನು ಅಳೆದು ನೋಡಿದನು. ಈಗಿನ ಫರಿಸಾಯನು ಪಕ್ಕದವನ ಸೊಂಟವನ್ನು ಅಳೆದು ನೋಡುತ್ತಾನೆ. ಆರಾಧನೆ ಮುಗಿದು ಅಂಗಳದಲ್ಲಿ ನಿಂತಾಗ ಸ್ಥೂಲಳಾದ ಸಹೋದರಿಯನ್ನು ಕುರಿತು ನಡೆಯುವ ಹಾಸ್ಯವನ್ನು ನಾವು ಕೇಳಿದ್ದೇವೆ. ಹೆರಿಗೆ, ಔಷಧ, ಗ್ರಂಥಿಗಳ ದೋಷ, ವಂಶಗುಣ, ಇವುಗಳಿಂದಲೂ ಮೈ ಬೆಳೆಯುವದೆಂಬದನ್ನು ಆ ಹಾಸ್ಯಗಾರರು ಅರಿತವರಲ್ಲ.

ಸತ್ಯವೇದದಲ್ಲಿಯೂ ಭಾರವಾದ ಮೈಯವನೊಬ್ಬನಿದ್ದಾನೆ. ಯಾಜಕನಾದ ಏಲಿಯು ಮುದುಕನೂ ಸ್ಥೂಲದೇಹಿಯೂ ಆಗಿದ್ದದರಿಂದ ಪೀಠದಿಂದ ಹಿಂದಕ್ಕೆ ಬಿದ್ದು ಕುತ್ತಿಗೆ ಮುರಿದು ಸತ್ತನೆಂದು ಸಮುವೇಲನ ಮೊದಲನೆಯ ಪುಸ್ತಕದ 4ನೇ ಅಧ್ಯಾಯದಲ್ಲಿ ಓದುತ್ತೇವೆ. ಅವನ ತೂಕವನ್ನು ಅಲ್ಲಿ ಪಾಪವೆಂದು ಎಣಿಸಿಲ್ಲ. ಆದರೆ 2ನೇ ಅಧ್ಯಾಯಕ್ಕೆ ಹಿಂದಿರುಗಿ ನೋಡಿದರೆ, ದೇವರು ಏಲಿಯ ಮೇಲೆ ಹೊರಿಸಿದ ಅಪರಾಧವು ಬೇರೆಯಾಗಿತ್ತು: ಜನರು ತಂದ ನೈವೇದ್ಯದಲ್ಲಿ ಉತ್ತಮವಾದದ್ದರಿಂದ ಅವನೂ ಅವನ ಮಕ್ಕಳೂ ತಮ್ಮನ್ನು ಕೊಬ್ಬಿಸಿಕೊಂಡರೆಂಬದೇ. ಮೈಯಲ್ಲಿ ಕೊಬ್ಬು ಎಷ್ಟಿದೆ ಎಂದು ತಕ್ಕಡಿಯು ಕೇಳುವದು; ಅದು ಯಾರ ಪಾಲಿನಿಂದ ಬಂತೆಂದು ದೇವರು ಕೇಳಿದನು. ಈ ಎರಡನೆಯ ಪ್ರಶ್ನೆಯು ತೆಳ್ಳಗಿರುವವನಿಗೂ ತಪ್ಪದು.

ಕೊರಿಂಥದ ಸಭೆಯಲ್ಲಿ ಜಗಳವೆದ್ದದ್ದೂ ರಾತ್ರಿಯ ಊಟದಲ್ಲಿಯೇ. ಸ್ಥಿತಿವಂತರು ಬೇಗ ಬಂದು ತಂದದ್ದನ್ನು ತಾವೇ ಉಂಡರು. ದಾಸರೂ ಕೂಲಿಯವರೂ ದಿನದ ಕೆಲಸವನ್ನು ಮುಗಿಸಿ ಬರುವಷ್ಟರಲ್ಲಿ ಪಾತ್ರೆ ಬರಿದಾಗಿತ್ತೆಂದು ಅನೇಕ ವ್ಯಾಖ್ಯಾನಕಾರರು ವಿವರಿಸುತ್ತಾರೆ. ಒಬ್ಬನು ಹಸಿದನು, ಒಬ್ಬನು ಅಮಲೇರಿದನು. ಇದಕ್ಕೆ ಪೌಲನು ಕೊಟ್ಟ ಮದ್ದೇನು? ಇಷ್ಟು ತುತ್ತೇ ಉಣ್ಣಬೇಕೆಂದು ಅಳತೆಯನ್ನು ಕೊಡಲಿಲ್ಲ. ಒಬ್ಬರಿಗೊಬ್ಬರು ಕಾದುಕೊಳ್ಳಬೇಕೆಂದು ಹೇಳಿದನು. ಪ್ರಿಯ ವಾಚಕರೇ, ರಾತ್ರಿಯ ಊಟದ ಪ್ರಶ್ನೆಯು ನೀತಿಯ ಪ್ರಶ್ನೆಯಾಗುವದು ಈ ಬಾಗಲಿನಿಂದಲೇ ಎಂಬದು ನಮ್ಮ ಅಭಿಪ್ರಾಯ.

ನಮ್ಮ ಮನೆಗಳಲ್ಲಿ ಕಾಯುವವರು ಯಾರು? ಅಡಿಗೆಯ ಹೆಂಗಸು. ಗಂಡನು ಬಂದಾಗ ಅವನಿಗೆ ಬಡಿಸುವಳು, ಮಕ್ಕಳಿಗೆ ಬಡಿಸುವಳು, ಅತ್ತೆಗೆ ಗಂಜಿ ಕೊಡುವಳು, ನೆಂಟರಿದ್ದರೆ ಅವರಿಗೂ ಬಡಿಸಿ ಒಲೆ ಒರಸಿ ಕೂತುಕೊಳ್ಳುವಾಗ ಒಂಬತ್ತೂವರೆ ಹತ್ತು ಗಂಟೆಯಾಗುವದು. ಆಗ ಅವಳ ತಟ್ಟೆಗೆ ಬೀಳುವದೇನು? ತುಂಡುಗಳು ಎಂದೋ ತೀರಿವೆ. ಅನ್ನ ಉಳಿದಿದೆ, ಸಾರಿನ ತಳ ಉಳಿದಿದೆ, ಮಗುವು ಅರ್ಧ ತಿಂದ ಒಟ್ಟಿ ಉಳಿದಿದೆ. ಅನ್ನವನ್ನು ಚೆಲ್ಲುವದು ಪಾಪವೆಂದು ತಾಯಿಯಿಂದ ಕಲಿತವಳಾದದರಿಂದ ಅದೆಲ್ಲವನ್ನೂ ತಾನೇ ಉಂಡು ಮುಗಿಸಿ, ಕಾಲು ತಾಸಿನೊಳಗೆ ಮಲಗುವಳು. ಹಗುರವಾದ ಊಟವೂ ಬೇಗನೆ ಊಟವೂ ಯಾರಿಗೆ ಹೆಚ್ಚಾಗಿ ಬೇಕೋ ಅವಳಿಗೇ ಅದು ಸಿಕ್ಕದು. ವರುಷಗಳಾದ ಮೇಲೆ ಅವಳ ಮೈ ಬೆಳೆದು ಉಸಿರು ಕಟ್ಟಲು, ಬಾಯಿ ಕಟ್ಟಬೇಕೆಂದು ಅವಳಿಗೆ ಬುದ್ಧಿ ಹೇಳುವವನು ಅದೇ ಗಂಡನು.

ಇದಕ್ಕಿಂತಲೂ ವಿಚಿತ್ರವಾದದ್ದು ಒಂದುಂಟು. ಮನೆಯ ಯಜಮಾನನು ತೂಕವಿಳಿಸಬೇಕೆಂದು ನಿಶ್ಚಯಿಸಿದ ದಿವಸದಿಂದ ಅಡಿಗೆಮನೆಯಲ್ಲಿ ಎರಡು ಒಲೆ ಉರಿಯಲಾರಂಭಿಸುವದು. ಅವನಿಗೆ ಎಣ್ಣೆಯಿಲ್ಲದ ಚಪಾತಿಯೂ ಬೇಯಿಸಿದ ತರಕಾರಿಯೂ ಏಳು ಗಂಟೆಗೆ ಸರಿಯಾಗಿ ಆಗಬೇಕು. ಉಳಿದವರಿಗೆ ಒಂಬತ್ತಕ್ಕೆ ಯಥಾಪ್ರಕಾರ. ಅವನ ಹೊಟ್ಟೆಯ ಭಾರ ಇಳಿದು ಅವಳ ಸೊಂಟದ ಮೇಲೆ ಏರಿತು. ಅವನು ಮೂರು ಕಿಲೋ ಇಳಿದನೆಂದು ಸಭೆಯಲ್ಲಿ ಸಂತೋಷದಿಂದ ಹೇಳಿಕೊಂಡರೆ, ಅವಳು ಎಷ್ಟು ಹೊತ್ತು ಹೆಚ್ಚಾಗಿ ನಿಂತಳೆಂದು ಯಾರೂ ಲೆಕ್ಕ ಬರೆಯುವದಿಲ್ಲ. ನಾವು ಹೇಳುವದೇನಂದರೆ, ಒಂದೇ ಒಲೆ, ಒಂದೇ ಗಂಟೆ, ಒಂದೇ ಪಂಕ್ತಿ ಇರಲಿ. ಹಗುರ ಮಾಡುವದಾದರೆ ಮನೆಗೆಲ್ಲಾ ಹಗುರವಾಗಲಿ, ಬೆಳೆಯುವ ಮಕ್ಕಳಿಗೆ ಮೊಟ್ಟೆಯೋ ಹಾಲೋ ಕಾಳೋ ಮೇಲೆ ಸಿಕ್ಕಲಿ. ಅವಳು ಕೂತುಕೊಳ್ಳದ ತನಕ ಗಂಡಸರು ಅನ್ನಕ್ಕೆ ಕೈ ಹಾಕದಿದ್ದರೆ ಊಟವು ತಾನಾಗಿಯೇ ಬೇಗನೆಯೂ ಸರಳವಾದದ್ದೂ ಆಗುವದೆಂದು ಎಣಿಸುತ್ತೇವೆ, ಯಾಕಂದರೆ ಹಸಿದ ಗಂಡಸು ಪಾತ್ರೆ ತೊಳೆಯುವದಕ್ಕೂ ಮುಂದೆ ಬರುವನು.

ಅಡಿಗೆಮನೆಯಿಂದ ಹೊರಗೆ ಬಂದು ತೋಟದ ಲೈನ್ ಮನೆಗಳ ಕಡೆಗೆ ನೋಡೋಣ. ಕಾಫಿ ಕುಯಿಲಿನ ದಿನಗಳಲ್ಲಿ ಬೆಳಿಗ್ಗೆ ಎಂಟು ಗಂಟೆಗೆ ತೋಟಕ್ಕಿಳಿದವಳು ಮಧ್ಯಾಹ್ನ ಬುತ್ತಿಯ ತಣ್ಣನೆಯ ಅನ್ನವನ್ನುಂಡು, ಸಂಜೆ ಚೀಲವನ್ನು ತೂಕಕ್ಕೆ ಹಾಕಿ ಮನೆಗೆ ಬಂದ ಮೇಲೆ ಬೇಯಿಸಿದ್ದೇ ದಿನದ ಒಂದು ಬಿಸಿಯೂಟ. ಆ ಊಟವು ಅವಳ ನಾಳೆಯ ಬಲ. ಸಂಜೆ ಮಿತವಾಗಿ ಉಣ್ಣಬೇಕೆಂಬ ಉಪದೇಶವನ್ನು ಅಲ್ಲಿಗೆ ತೆಗೆದುಕೊಂಡು ಹೋಗುವದು ಬುದ್ಧಿಗೇಡಿತನ. ದುಡಿಯುವವನ ನಿದ್ರೆಯು ಅವನು ಸ್ವಲ್ಪ ಉಂಡರೂ ಹೆಚ್ಚು ಉಂಡರೂ ಇಂಪಾಗಿರುವದೆಂದೂ ಐಶ್ವರ್ಯವಂತನ ಸಮೃದ್ಧಿಯೇ ಅವನನ್ನು ನಿದ್ರೆಗೊಡದೆಂದೂ ಪ್ರಸಂಗಿಯು ತನ್ನ 5ನೇ ಅಧ್ಯಾಯದಲ್ಲಿ ಕಂಡುಕೊಂಡನು. ಕೂಲಿಯನ್ನು ಹೊತ್ತು ಮುಳುಗುವದಕ್ಕೆ ಮುಂಚೆ ಕೊಡಬೇಕೆಂದು ಮೋಶೆಯ ಧರ್ಮಶಾಸ್ತ್ರವು ವಿಧಿಸಿದ್ದೂ, ಬಡವನ ಮನಸ್ಸೆಲ್ಲಾ ಆ ಕೂಲಿಯ ಮೇಲೆಯೇ ಇರುವದರಿಂದ. ಸಂಜೆಯ ಒಲೆ ಅದರಿಂದಲ್ಲವೇ ಉರಿಯುವದು?

1853ರಲ್ಲಿ ಕೊಡಗಿಗೆ ಬಂದ ಹರ್ಮನ್ ಮೊಗ್ಲಿಂಗ್ ಅಯ್ಯನವರು ಅಮ್ಮತ್ತಿಯ ಸೀಮೆಯ ಆನಂದಪುರದಲ್ಲಿ ಕೂಡಿಸಿದ ಸಭೆಯ ಮೊದಲಿಗರಲ್ಲಿ ಬಹುಮಂದಿ ಪರರ ಗದ್ದೆಗಳಲ್ಲಿ ಹುಟ್ಟುಬಂಧನದಲ್ಲಿ ದುಡಿದವರು. ಒಡೆಯನ ಅಂಗಳದಲ್ಲಿ ಕೊಟ್ಟಷ್ಟನ್ನು ಉಣ್ಣುವದಕ್ಕೂ ತನ್ನ ಒಲೆಯಲ್ಲಿ ತಾನು ಬೇಕಾದಷ್ಟು ಬೇಯಿಸಿ ಉಣ್ಣುವದಕ್ಕೂ ಎಷ್ಟು ಅಂತರವೆಂದು ಅಂಥಾ ವಂಶಗಳಿಗೆ ಯಾರೂ ಕಲಿಸಬೇಕಾದದ್ದಿಲ್ಲ. ನಮ್ಮ ಹಿರಿಯರಲ್ಲಿ ಕೆಲವರು ತಟ್ಟೆ ತುಂಬಿದ್ದರೆ ಮಾತ್ರ ತೃಪ್ತರಾಗುವರು. ಮೊಮ್ಮಕ್ಕಳು ಅದನ್ನು ಹಳೆಯ ದುರಭ್ಯಾಸವೆಂದು ಗೊಣಗುವರು. ಆ ತಟ್ಟೆಯ ಹಿಂದೆ ಏನಿದೆ ಎಂಬದನ್ನು ತಿಳಿದು ಗೊಣಗಲಿ. ಇದು ಕಳೆದುಹೋದ ಕಾಲದ ಮಾತು ಮಾತ್ರವೂ ಅಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರುಷದ ಸ್ತ್ರೀಯರೊಳಗೆ ನೂರರಲ್ಲಿ ಸುಮಾರು 30 ಮಂದಿಯ ತೂಕವು ಹೆಚ್ಚು, ಸುಮಾರು 17 ಮಂದಿಯದು ಇರಬೇಕಾದದ್ದಕ್ಕಿಂತ ಕಡಿಮೆ. ಒಂದೇ ಸಭೆಯಲ್ಲಿ, ಒಂದೇ ಬೆಂಚಿನ ಮೇಲೆ, ಈ ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ದಿನದ ಆಹಾರವನ್ನು ದಯಪಾಲಿಸೆಂದು ಬೇಡುತ್ತಾರೆ. ಆ ಪ್ರಾರ್ಥನೆಯಲ್ಲಿ ನನಗೆ ಎಂಬ ಮಾತಿಲ್ಲ, ನಮಗೆ ಎಂದಿದೆ.

ಹಾಗಾದರೆ ಪಥ್ಯವು ಎಂದಿಗೂ ಉಪವಾಸವಾಗದೋ? ಆಗಬಹುದು, ಉಳಿದದ್ದು ಹೊರಗೆ ಹೋದರೆ. ತಾನು ಉಪವಾಸವನ್ನು ಹೇಗೆ ಮೆಚ್ಚುವೆನೆಂಬದನ್ನು ದೇವರು ಯೆಶಾಯನ 58ನೇ ಅಧ್ಯಾಯದಲ್ಲಿ ತಿಳಿಸುವಾಗ ಹಸಿದವನಿಗೆ ಅನ್ನವನ್ನು ಹಂಚುವದನ್ನು ಹೇಳಿದ್ದಾನೆ. ಮಿಜೋರಾಮಿನ ಸಭೆಗಳಲ್ಲಿ 1910ರಿಂದ ನಡೆದುಬಂದ ಒಂದು ಪದ್ಧತಿಯುಂಟು. ಅದನ್ನು ಅವರ ಭಾಷೆಯಲ್ಲಿ ಬುಹ್‌ಫಾಯ್ ಥಮ್, ಅಂದರೆ ಹಿಡಿ ಅಕ್ಕಿ ಎನ್ನುತ್ತಾರೆ. ಅನ್ನಕ್ಕಿಡುವ ಪ್ರತಿಯೊಂದು ಸಾರಿಯೂ ಮನೆಯಾಕೆಯು ಒಂದು ಹಿಡಿ ಅಕ್ಕಿಯನ್ನು ತೆಗೆದು ಬೇರೆ ಪಾತ್ರೆಯಲ್ಲಿಡುವಳು. ಸಭೆಯ ಸ್ತ್ರೀಯರು ಅದನ್ನು ಕೂಡಿಸಿ ಮಾರಿ ದೇವರ ಕೆಲಸಕ್ಕೆ ಕೊಡುವರು. ಬಡಗುಡ್ಡಗಳ ಹೆಂಗಸರು ಈ ಹಿಡಿಗಳಿಂದಲೇ ತಮ್ಮ ಸಭೆಯ ದೊಡ್ಡ ಕಾರ್ಯಗಳನ್ನು ನಡಿಸಿದ್ದಾರೆ. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 350 ಕ್ಯಾಲೊರಿಗಳಿರುವದರಿಂದ, ವೈದ್ಯರು ಬಿಡಹೇಳಿದ್ದೂ ಒಂದೆರಡು ಹಿಡಿಯೇ. ನಮ್ಮಲ್ಲಿ ತೂಕವಿಳಿಸುವವರು ಪಾತ್ರೆಯಿಂದ ತೆಗೆದ ಆ ಹಿಡಿಯನ್ನು ಡಬ್ಬಿಗೆ ಹಿಂದಕ್ಕೆ ಸುರಿಯದೆ ಒಂದು ಗಡಿಗೆಗೆ ಹಾಕಲಿ. ತಿಂಗಳ ಕೊನೆಗೆ ಅದು ಯಾವ ಮನೆಗೆ ಹೋಗಬೇಕೆಂದು ಸಭೆಯ ಹಿರಿಯರಿಗಿಂತ ಸ್ತ್ರೀಸಂಘದವರಿಗೇ ಚೆನ್ನಾಗಿ ಗೊತ್ತು.

ಕಡೆಯದಾಗಿ ಮನೆಕೂಟಗಳ ಮಾತು. ಏಳೂವರೆಗೆ ಆರಂಭವಾದ ಪ್ರಾರ್ಥನೆಯು ಒಂಬತ್ತಕ್ಕೆ ಮುಗಿದು, ಅನಂತರ ಎಲೆ ಹಾಸಿ ನೂಲ್ಪುಟ್ಟು, ಕೋಳಿಸಾರು, ಪಾಯಸಗಳವರೆಗೆ ಬಡಿಸುವ ವಾಡಿಕೆಯು ಬೆಳೆದುಬಂದಿದೆ. ಕಳೆದ ವಾರದ ಮನೆಯವರಿಗಿಂತ ಈ ವಾರದವರು ಒಂದು ಪಲ್ಯವನ್ನಾದರೂ ಹೆಚ್ಚಿಸಬೇಕು. ಹೀಗಾಗಿ ಬಡವರಾದ ಸಭಿಕರು ತಮ್ಮ ಸರದಿಯನ್ನು ಮುಂದೂಡುತ್ತಾ ಬಂದು, ಕಡೆಗೆ ಕೂಟಕ್ಕೆ ಬರುವದನ್ನೇ ಬಿಟ್ಟದ್ದನ್ನು ಕಂಡಿದ್ದೇವೆ. ಪುತ್ತರಿಯ ತಿಂಗಳಿನಿಂದ ಕೂಟಗಳನ್ನು ಆರು ಗಂಟೆಗೆ ಆರಂಭಿಸಿ, ಬೆಲ್ಲದ ಕಾಫಿಯಿಂದಲೇ ಮುಗಿಸಬೇಕೆಂದು ಸಭಾಹಿರಿಯರಲ್ಲಿ ವಿಜ್ಞಾಪಿಸುತ್ತೇವೆ. ಕಾಫಿಯನ್ನು ಕುಡಿದವರು ಆನೆಗಳು ದಾರಿಗೆ ಬರುವ ಮುಂಚೆ ತಮ್ಮ ತಮ್ಮ ಮನೆಗಳನ್ನು ಸೇರಬಹುದು. ಸಿದ್ದಾಪುರ, ಅಮ್ಮತ್ತಿಯ ಕಡೆಯವರಿಗೆ ಈ ಕಾರಣವೊಂದೇ ಸಾಕಾದೀತು.