ಗೆರೆ ಎಳೆಯುವ ಮೊದಲು

ಬೆಂಗಳೂರಿನ ಜನ ಮೆಟ್ರೊ ಬಗ್ಗೆ ದನಿ ಎತ್ತಿದಾಗಲೆಲ್ಲ ಹೆಚ್ಚಾಗಿ ಅದು ಯಾವುದೋ ಮರದ ಬುಡದಲ್ಲೇ ಆಗಿದೆ. 2009ರಲ್ಲಿ ಜಯನಗರದ ನಂದಾ ರಸ್ತೆ, ಆಮೇಲೆ ಹೊಸೂರು ರಸ್ತೆಯ ಆಲ್ ಸೇಂಟ್ಸ್ ಚರ್ಚಿನ ಅಂಗಳ. ಇಡೀ ಊರಿಗೆ ರೈಲು ಬರುತ್ತಿರುವಾಗ ಇವರಿಗೆ ನಾಲ್ಕು ಮರದ ಚಿಂತೆ ಎಂದು ಹೀಗಳೆದವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಜನ ಮರದ ಬಳಿಗೇ ಯಾಕೆ ಬಂದು ನಿಲ್ಲುತ್ತಾರೆ? ಕರ್ನಾಟಕದ 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ 50ಕ್ಕಿಂತ ಹೆಚ್ಚು ಮರ ಕಡಿಯುವ ಮೊದಲು ಸಾರ್ವಜನಿಕರ ಆಕ್ಷೇಪಣೆ ಕರೆಯಲೇಬೇಕು. ರೈಲು ಯಾವ ಬೀದಿಯಲ್ಲಿ ಹೋಗಬೇಕು, ನಿಲ್ದಾಣದ ಮೆಟ್ಟಿಲು ಎಲ್ಲಿ ಇಳಿಯಬೇಕು, ಯಾರ ಅಂಗಡಿ ಹೋಗುತ್ತದೆ ಎಂಬುದನ್ನು ಊರಿನವರ ಮುಂದಿಟ್ಟು ಕೇಳುವುದಕ್ಕೆ ಅಂಥ ಗಟ್ಟಿ ಕಟ್ಟಳೆ ಇಲ್ಲ. 2013ರ ಭೂಸ್ವಾಧೀನ ಕಾಯ್ದೆ ಸಾಮಾಜಿಕ ಪರಿಣಾಮದ ಅಧ್ಯಯನ ಬೇಕೆನ್ನುತ್ತದೆ. ಮೆಟ್ರೊಗೆ ಜಾಗ ಪಡೆಯುವುದು ಮಾತ್ರ ಹೆಚ್ಚಾಗಿ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಮೂಲಕ, 1966ರ ಕಾಯ್ದೆಯಡಿ. ಅದರಲ್ಲಿ ಆ ಮಾತಿಲ್ಲ. ಹಾಗಾಗಿ ತೆರೆದಿರುವ ಒಂದೇ ಬಾಗಿಲಿಗೆ ಜನ ಬರುತ್ತಾರೆ. ಅಷ್ಟು ಹೊತ್ತಿಗೆ ವಿಸ್ತೃತ ಯೋಜನಾ ವರದಿ (ಡಿಪಿಆರ್) ಮುಗಿದು, ಸಂಪುಟದ ಒಪ್ಪಿಗೆ ಸಿಕ್ಕಿ, ಸಾಲದ ಕರಾರಿಗೆ ಸಹಿ ಬಿದ್ದು, ಗುತ್ತಿಗೆದಾರರ ಯಂತ್ರಗಳು ಬಂದು ನಿಂತಿರುತ್ತವೆ. ಲಗ್ನಪತ್ರಿಕೆ ಹಂಚಿದ ಮೇಲೆ ಮದುಮಗಳ ಒಪ್ಪಿಗೆ ಕೇಳಿದ ಹಾಗೆ. ಆಗ ಬೇಡ ಎಂದವಳನ್ನೇ ದೂರುವುದು ಅನ್ಯಾಯ.

ಆಲ್ ಸೇಂಟ್ಸ್ ಚರ್ಚಿನವರ ಕಥೆ ನನ್ನನ್ನು ಬಹಳ ಕಾಡಿದೆ. ಗುಲಾಬಿ ಮಾರ್ಗದ ವೆಲ್ಲಾರ ಜಂಕ್ಷನ್ ನಿಲ್ದಾಣಕ್ಕೆ ಅವರ ಜಾಗ ಬೇಕಾಯಿತು. ಆ ಮಾರ್ಗಕ್ಕೆ ಯುರೋಪಿಯನ್ ಇನ್ವೆಸ್ಟ್‌ಮೆಂಟ್ ಬ್ಯಾಂಕ್ 50 ಕೋಟಿ ಯೂರೊ ಸಾಲ ಕೊಡಲು 2017ರಲ್ಲಿ ಒಪ್ಪಿತ್ತು. ಚರ್ಚಿನವರು ಕೊನೆಗೆ ಆ ಬ್ಯಾಂಕಿನ ದೂರು ವಿಭಾಗಕ್ಕೇ ಮೊರೆಹೋದರು. ಹೊಸೂರು ರಸ್ತೆಯ ಜನ ತಮ್ಮ ಅಂಗಳದ ಬಗ್ಗೆ ಮಾತಾಡಲು ಲಕ್ಸೆಂಬರ್ಗಿನ ಬಾಗಿಲು ತಟ್ಟಬೇಕಾಯಿತು. ಸಾಲ ಕೊಟ್ಟವನಿಗೆ ಇರುವ ಕಿವಿ ಊರನ್ನು ಆಳುವವರಿಗೂ ಇರಬೇಕಿತ್ತು.

ಜನರಿಗೆ ಬೇಡ ಎನ್ನುವುದಷ್ಟೇ ಗೊತ್ತು ಎಂಬ ಮಾತನ್ನೂ ನಾನು ಒಪ್ಪಲಾರೆ. 2016ರ ಅಕ್ಟೋಬರಿನಲ್ಲಿ ಬಸವೇಶ್ವರ ವೃತ್ತ–ಹೆಬ್ಬಾಳ ಉಕ್ಕಿನ ಮೇಲ್ಸೇತುವೆ ಬೇಡವೆಂದು ಮಾನವ ಸರಪಳಿ ಕಟ್ಟಿದವರೇ ಅದೇ ಚಳಿಗಾಲದಲ್ಲಿ ‘ಚುಕುಬುಕು ಬೇಕು’ ಎಂದು ಉಪನಗರ ರೈಲಿಗಾಗಿ ಬೀದಿಗಿಳಿದರು. ಆ ರೈಲಿನ ಪ್ರಸ್ತಾಪ ಹುಟ್ಟಿದ್ದು 1983ರಲ್ಲಿ. ಕಡತ ಮಲಗಿದಾಗಲೆಲ್ಲ ಅದನ್ನು ಎಬ್ಬಿಸಿದವರು ನಾಗರಿಕರು. ಹಳಿಗಳ ಲೆಕ್ಕ, ನಿಲ್ದಾಣಗಳ ಪಟ್ಟಿ ಹಾಕಿದವರು ಅವರಲ್ಲಿದ್ದರು. 148 ಕಿ.ಮೀ. ಜಾಲಕ್ಕೆ ಕೇಂದ್ರ ಸಂಪುಟ ಒಪ್ಪಿದ್ದು 2020ರಲ್ಲಿ. ಮೇಲ್ಸೇತುವೆಯನ್ನು ಸರ್ಕಾರ 2017ರ ಮಾರ್ಚಿನಲ್ಲಿ ಕೈಬಿಟ್ಟಿತ್ತು. ಬೇಡ, ಬೇಕು ಎರಡೂ ಒಂದೇ ಊರಿನ ವಿವೇಕದಿಂದ ಬಂದವು.

ಎಲ್ಲರನ್ನೂ ಕೇಳುತ್ತ ಕೂತರೆ ಒಂದು ಕಂಬವೂ ಏಳುವುದಿಲ್ಲ ಎಂದು ಎಂಜಿನಿಯರುಗಳು ಹೇಳುತ್ತಾರೆ. ಅದನ್ನು ತಳ್ಳಿಹಾಕುವಂತಿಲ್ಲ. ವಿಳಂಬದ ಪ್ರತಿ ವರ್ಷವನ್ನೂ ಬಸ್ಸಿನ ಬಾಗಿಲಲ್ಲಿ ಜೋತಾಡುವವರು ತಮ್ಮ ಮೈಯಿಂದಲೇ ತೆರುತ್ತಾರೆ. ಆದರೆ ಗೆರೆ ಎಳೆಯುವ ಮೊದಲು ಕೇಳಿದರೆ ಖರ್ಚಾಗುವುದು ಪೆನ್ಸಿಲು, ಕಾಗದ, ಕೆಲವು ತಿಂಗಳು. ಕಂಬ ಎದ್ದ ಮೇಲೆ ಅದನ್ನು ಯಾರೂ ಸರಿಸಲಾರರು, ಮೊಮ್ಮಕ್ಕಳ ಕಾಲಕ್ಕೂ.

ಇದಕ್ಕಿಂತ ಕಷ್ಟದ ಪ್ರಶ್ನೆ ಬೇರೆ ಇದೆ. ಸಭೆ ಕರೆದರೆ ಬರುವವರು ಯಾರು? ಸ್ವಂತ ಮನೆಯಿದ್ದವರು, ಬಿಡುವಿದ್ದವರು, ಇಂಗ್ಲಿಷಿನ ವರದಿ ಓದಬಲ್ಲವರು. ಅವರ ಮಾತಿಗೆ ಬೆಲೆ ಇದ್ದೇ ಇದೆ. ಬಾಡಿಗೆ ಮನೆಯವರು, ಬೆಳಗಿನ ಐದಕ್ಕೆ ಪೊರಕೆ ಹಿಡಿಯುವ ಪೌರಕಾರ್ಮಿಕರು, ಫುಟ್‌ಪಾತಿನಲ್ಲಿ ಸೊಪ್ಪು ಮಾರುವವರು ಮಾತ್ರ ಆ ಸಭಾಂಗಣಕ್ಕೆ ಕಾಲಿಡುವುದಿಲ್ಲ. ರೈಲಿಲ್ಲದೆ ಹೆಚ್ಚು ಬಳಲುವವರೂ ಅದು ಬರುವಾಗ ಮೊದಲು ಜಾಗ ಬಿಡಬೇಕಾದವರೂ ಅವರೇ. ಗಟ್ಟಿಯಾಗಿ ಮಾತಾಡಿದವರನ್ನಷ್ಟೇ ಆಲಿಸಿ ಜನಾಭಿಪ್ರಾಯ ಪಡೆದೆವು ಎಂದು ಬರೆದುಕೊಂಡರೆ, ಕೇಳದೇ ಇದ್ದಷ್ಟೇ ದೊಡ್ಡ ತಪ್ಪಾಗುತ್ತದೆ.

2024ರ ಆಗಸ್ಟಿನಲ್ಲಿ ಕೇಂದ್ರ ಒಪ್ಪಿದ ಮೂರನೇ ಹಂತದ ಕಿತ್ತಳೆ ಮಾರ್ಗ ಜೆ.ಪಿ. ನಗರದಿಂದ ಸುಮನಹಳ್ಳಿ, ಪೀಣ್ಯ ದಾಟಿ ಕೆಂಪಾಪುರ ಮುಟ್ಟಬೇಕು. ಗೆರೆ ಬಿದ್ದಾಗಿದೆ, ಮೆಟ್ಟಿಲು, ಬಸ್ ತಂಗುದಾಣ, ಬೀದಿದೀಪ, ಶೌಚಾಲಯಗಳ ಬಗ್ಗೆಯಾದರೂ ಕೇಳಬಹುದು. ಗಾರ್ಮೆಂಟ್ಸಿನ ಹೆಣ್ಣುಮಕ್ಕಳು ಪಾಳಿ ಮುಗಿಸಿ ಹೊರಬರುವ ಹೊತ್ತಿಗೆ ಪೀಣ್ಯದ ಗೇಟಿನ ಬಳಿ ನಕ್ಷೆ ಹರಡಿ, ಅವರು ಆಡುವ ಭಾಷೆಗಳಲ್ಲೇ ಕೇಳಬೇಕು: ರಾತ್ರಿ ಇಲ್ಲಿ ಇಳಿದರೆ ಮನೆಗೆ ಹೇಗೆ ಹೋಗುತ್ತೀರಮ್ಮ? ಹಾಗೆ ಕೇಳಲು ಹೋದವರ ಕೈಯಲ್ಲಿ, ಬಂದ ಉತ್ತರಕ್ಕೆ ತಕ್ಕಂತೆ ಆ ನಕ್ಷೆಯನ್ನು ತಿದ್ದುವ ಅಧಿಕಾರವೂ ಇರಬೇಕು.